ಹುಟ್ಟಿದ ವರ್ಷ ಗೊತ್ತಿಲ್ಲದ ವಖಾರಿ

ಸಭೆ ಮತ್ತೆ ಮುಂದಕ್ಕೆ ಹೋಯಿತು. ಮಂಡಿಪೇಟೆ ಕಡೆಯ ಆ ಹಳೆಯ ಅರಳೆ ವಖಾರಿಯನ್ನು ಪಾರಂಪರಿಕ ಕಟ್ಟಡವೆಂದು ಘೋಷಿಸಬೇಕೋ ಬೇಡವೋ ಎಂಬುದನ್ನು ‘ಕೂಲಂಕಷವಾಗಿ ಪರಿಶೀಲಿಸಿ’ ಮುಂದಿನ ಸಭೆಯಲ್ಲಿ ತೀರ್ಮಾನಿಸುವುದೆಂದು ಸಮಿತಿ ತೀರ್ಮಾನಿಸಿದೆ. ದಾವಣಗೆರೆಯವರಿಗೆ ಇದೇನೂ ಹೊಸತಲ್ಲ. ಈ ಸಲ ಚಹಾದ ಜೊತೆಗೆ ಗೋಡಂಬಿಯನ್ನೂ ಕೊಟ್ಟರು ಎಂಬುದಷ್ಟೇ ಹೊಸ ಸುದ್ದಿ.

ತೊಡಕಿರುವುದು ವಯಸ್ಸಿನಲ್ಲಿ. 1958ರ ಕೇಂದ್ರ ಕಾಯ್ದೆಯಂತೆ ಪ್ರಾಚೀನ ಸ್ಮಾರಕ ಎನಿಸಿಕೊಳ್ಳಲು ನೂರು ವರ್ಷವಾದರೂ ತುಂಬಿರಬೇಕು. ‘ಇದೇನು ಪ್ರಾಚೀನ ಸ್ಮಾರಕವೇ ಸ್ವಾಮಿ, ಊರಿನ ಮಟ್ಟದ ಒಂದು ಕಟ್ಟಡ, ಇದಕ್ಕೆ ಆ ಲೆಕ್ಕವೇಕೆ?’ ಎಂದು ಸದಸ್ಯರೊಬ್ಬರು ಕೇಳಿದರಂತೆ. ಅವರನ್ನು ಉಪಸಮಿತಿಗೆ ಹಾಕಲಾಗಿದೆ. ನೂರು ಎಂಬ ಅಂಕಿ ಒಮ್ಮೆ ಕಡತದೊಳಗೆ ಹೊಕ್ಕ ಮೇಲೆ ಅದನ್ನು ಹೊರಗೆಳೆಯುವವರು ಯಾರು?

ಹಾಗೆಂದು ವಖಾರಿ ತನ್ನ ವಯಸ್ಸನ್ನು ಮುಚ್ಚಿಟ್ಟುಕೊಂಡಿಲ್ಲ. ಬಾಗಿಲ ಮೇಲೆ ಗಾರೆಯಲ್ಲಿ ಎರಡು ನವಿಲು, ನಡುವೆ ಹತ್ತಿಗಿಡ, ಅದರ ಕೆಳಗೆ ಇಸವಿ. ಒಂದು ಕಾಣುತ್ತದೆ, ಒಂಬತ್ತು ಕಾಣುತ್ತದೆ, ಕೊನೆಯ ಏಳೂ ಕಾಣುತ್ತದೆ. ಮೂರನೆಯ ಅಂಕಿಯ ಮೇಲೆ ಸರಿಯಾಗಿ ನಾಯಕರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸಿನ ಮೂಲೆ ಬಂದು ಕೂತಿದೆ. 1917 ಆದರೆ ಪರಂಪರೆ, 1947 ಆದರೆ ಸೈಟು. ಫ್ಲೆಕ್ಸನ್ನು ಸ್ವಲ್ಪ ಎತ್ತಿ ನೋಡಬಹುದಿತ್ತಲ್ಲ ಎನ್ನುತ್ತೀರಾ? ನಿಮಗೆ ಆಡಳಿತ ಗೊತ್ತಿಲ್ಲ. ಫ್ಲೆಕ್ಸ್ ಎತ್ತುವ ಅಧಿಕಾರ ಪಾರಂಪರಿಕ ಸಮಿತಿಗಿಲ್ಲ. ಸಂಬಂಧಪಟ್ಟವರಿಗೆ ಪತ್ರ ಬರೆಯಲಾಗಿದೆ, ಉತ್ತರ ನಿರೀಕ್ಷಿಸಲಾಗುತ್ತಿದೆ. ನಾಯಕರಿಗೆ ಎಷ್ಟು ವರ್ಷ ತುಂಬಿತು ಎಂಬುದು ಮಾತ್ರ ಇಡೀ ಊರಿಗೆ ಗೊತ್ತು.

ಪಕ್ಕದ ಹರಿಹರದಲ್ಲಿ ಹೊಯ್ಸಳರ ಪೊಲಾಳ್ವ ದಂಡನಾಯಕ 1224ರಲ್ಲಿ ಹರಿಹರೇಶ್ವರ ದೇವಾಲಯ ಕಟ್ಟಿಸಿ, ಅದನ್ನು ಕಲ್ಲಿನಲ್ಲಿ ಕೊರೆಸಿಯೂ ಇಟ್ಟ. ಮುಂದೊಂದು ದಿನ ಸಮಿತಿಗಳು ಹುಟ್ಟುತ್ತವೆ ಎಂಬುದು ಅವನಿಗೆ ಹೊಳೆದಿದ್ದಿರಬೇಕು. ಎಂಟು ನೂರು ವರ್ಷದ ಹಿಂದಿನದಕ್ಕೆ ಲೆಕ್ಕವಿದೆ. ನಮ್ಮ ಅಜ್ಜಂದಿರು ಅರಳೆ ತೂಗಿದ ಕಟ್ಟಡಕ್ಕಿಲ್ಲ.

ವಯಸ್ಸು ಸಾಬೀತುಪಡಿಸುವ ಕಲೆಯನ್ನು ನಮ್ಮ ಬೆಣ್ಣೆದೋಸೆ ಹೋಟೆಲಿನವರಿಂದ ಕಲಿಯಬೇಕು. ಊರಿನ ಯಾವ ರಸ್ತೆಗಾದರೂ ಹೋಗಿ, ‘ಮೂಲ’, ‘ಹಳೆಯ’, ‘ಅಸಲಿ’ ಎಂಬ ಬೋರ್ಡುಗಳೇ. ಕಳೆದ ಯುಗಾದಿಗೆ ಶುರುವಾದದ್ದೂ ಹಳೆಯದೇ. ಯಾವ ಸಮಿತಿಯೂ ಅವರ ಬಳಿ ದಾಖಲೆ ಕೇಳಿಲ್ಲ, ಯಾರೂ ಸ್ಥಳ ಪರಿಶೀಲನೆಗೆ ಬಂದಿಲ್ಲ. ಬಂದಿದ್ದರೂ ಎರಡು ದೋಸೆ, ಆಲೂಗಡ್ಡೆ ಪಲ್ಯ, ಚಟ್ನಿ ತಿಂದು ಸ್ಥಳದಲ್ಲೇ ಮಾನ್ಯತೆ ಕೊಟ್ಟು ಹೋಗುತ್ತಿದ್ದರು. ವಖಾರಿಯ ವಾರಸುದಾರರಿಗೆ ನನ್ನದೊಂದು ಸಲಹೆ: ಮುಂದಿನ ಪರಿಶೀಲನೆಯ ದಿನ ಅಂಗಳದಲ್ಲೊಂದು ಕಾವಲಿ ಇಡಿಸಿ. ವಾರಸುದಾರರು ಎಷ್ಟು ಜನ ಎಂಬುದೂ ಇತ್ಯರ್ಥವಾಗಿಲ್ಲವಾದ್ದರಿಂದ ಹಿಟ್ಟು ಸ್ವಲ್ಪ ಜಾಸ್ತಿಯೇ ರುಬ್ಬಿಸಿ.

ಮಾನ್ಯತೆ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಆಮೇಲೆ? 2024ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 18 ಸ್ಮಾರಕಗಳನ್ನು ಸಂರಕ್ಷಿತ ಪಟ್ಟಿಯಿಂದ ಕೈಬಿಡಲು ಹೊರಟಿತು. ರಾಷ್ಟ್ರೀಯ ಮಹತ್ವದವು, ಆದರೆ ಎಲ್ಲಿವೆ ಎಂದು ಯಾರಿಗೂ ತಿಳಿಯದು! ಅವುಗಳಲ್ಲಿ ಹರಿಯಾಣದ ಒಂದು ಕೋಸ್ ಮಿನಾರೂ ಇತ್ತು. ಕೋಸ್ ಮಿನಾರೆಂದರೆ ಕಿಸೆಯಲ್ಲಿ ಇಟ್ಟುಕೊಂಡು ಹೋಗುವಂಥದ್ದಲ್ಲ. ಮೊಘಲರ ಕಾಲದ ಹೆದ್ದಾರಿಯ ಪಕ್ಕ ದಾರಿಹೋಕರಿಗೆ ದೂರದಿಂದಲೇ ಕಾಣಲೆಂದು ಕಟ್ಟಿದ ಗೋಪುರ. ಕಾಣಲೆಂದೇ ಕಟ್ಟಿದ್ದು ಕಾಣೆಯಾಯಿತು. ಆ ಲೆಕ್ಕದಲ್ಲಿ ನಮ್ಮ ವಖಾರಿಗೆ ಮಾನ್ಯತೆ ಸಿಗದಿರುವುದೇ ಕ್ಷೇಮವೇನೋ.

ಇತ್ತ ವಖಾರಿಯ ಪಡುವಣ ಗೋಡೆಯಲ್ಲಿ ಅರಳಿಯೊಂದು ಬೇರು ಬಿಟ್ಟಿದೆ. ಸಮಿತಿ ಮೊದಲು ಬಂದಾಗ ಅದಕ್ಕೆ ನಾಲ್ಕೆಲೆ. ಈಗ ಅದರ ನೆರಳಿನಲ್ಲಿ ಸ್ಕೂಟರು ನಿಲ್ಲಿಸುತ್ತಾರೆ. ಬೇರು ಗಾರೆಯನ್ನು ಸೀಳಿಕೊಂಡು ಜಂತೆಯವರೆಗೆ ಹೋಗಿದೆ. ಕಡಿಯೋಣವೆಂದರೆ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ, ವೃಕ್ಷಾಧಿಕಾರಿಯ ಅನುಮತಿ ಬೇಕು. ಗೋಡೆಯನ್ನು ಒಡೆಯುತ್ತಿರುವ ಮರಕ್ಕೆ ಕಾಯ್ದೆಯ ರಕ್ಷಣೆಯಿದೆ, ಒಡೆಸಿಕೊಳ್ಳುತ್ತಿರುವ ಗೋಡೆಗಿಲ್ಲ.

ಹಳೆಯದನ್ನೆಲ್ಲ ಉಳಿಸಿ ಎಂದು ನಾನು ಹಟ ಹಿಡಿಯುವವನಲ್ಲ. ಕೆಲವು ಹಳೆಯ ಕಟ್ಟಡಗಳು ಬಿದ್ದರೇ ಊರಿಗೆ ಒಳ್ಳೆಯದು. ಈ ವಖಾರಿ ಬೇಡವೆನ್ನಿಸಿದರೆ ಬೇಡ ಎಂದು ಬರೆದು ಸಹಿ ಹಾಕಿ. ಆ ಮನೆತನದವರು ಮಾರಿಕೊಂಡು ತಮ್ಮ ಪಾಡು ನೋಡಿಕೊಳ್ಳುತ್ತಾರೆ. ಬೇಕು ಎಂದರೆ ಹಂಚು ಬದಲಿಸಲು ದುಡ್ಡು ಕೊಡಿ. ಬೇಕೂ ಅನ್ನುವುದಿಲ್ಲ, ಬೇಡವೂ ಅನ್ನುವುದಿಲ್ಲ. ಮಳೆಯೇ ತೀರ್ಮಾನಿಸಲಿ ಎಂದು ಕಾಯುತ್ತಾರೆ. ಗೋಡೆ ಬಿದ್ದ ದಿನ ‘ಶಿಥಿಲಾವಸ್ಥೆಯಲ್ಲಿತ್ತು’ ಎಂಬ ಒಂದು ಸಾಲಿನ ವರದಿ ಸಾಕು, ಯಾರ ಸಹಿಯೂ ಬೇಕಾಗಿಲ್ಲ. ಹತ್ತಿ ಗಿರಣಿಗಳು ಹೋದದ್ದನ್ನು ಈ ಊರು ನೋಡಿದೆ. ಅವು ಮುಚ್ಚಿ ಎಷ್ಟೋ ಕಾಲವಾದರೂ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದನ್ನು ಭಾಷಣಗಳಲ್ಲಿ ಇನ್ನೂ ಉಳಿಸಿಕೊಂಡಿದ್ದೇವೆ. ಬಿರುದಿಗೆ ಹಂಚು ಹೊದಿಸಬೇಕಾಗಿಲ್ಲವಲ್ಲ.

ಮುಂಗಾರಿಗೆ ಇನ್ನು ಹೆಚ್ಚು ದಿನವಿಲ್ಲ. ವಖಾರಿಯ ಸೂರಿನ ಮೇಲೆ ಒಂದು ತಾಡಪಾಲನ್ನಾದರೂ ಎಳೆಸಿ ಎಂದರೆ ಅನುದಾನವಿಲ್ಲ ಎನ್ನುತ್ತಾರೆ. ಸರಿ, ಹಾಗಾದರೆ ಆ ಹುಟ್ಟುಹಬ್ಬದ ಫ್ಲೆಕ್ಸನ್ನೇ ಬಿಚ್ಚಿ ಮೇಲೆ ಹೊದಿಸಿ. ಸೋರುವುದೂ ನಿಲ್ಲುತ್ತದೆ, ಇಸವಿಯೂ ಕಾಣುತ್ತದೆ.