ಉಪ್ಪು ತಿಂದ ಮಣ್ಣು

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಮಣ್ಣು ಈ ಗಾದೆಯನ್ನು ಒಪ್ಪುವುದಿಲ್ಲ. ಉಪ್ಪು ತಿಂದ ಮೇಲೆ ಅದು ನೀರು ಕುಡಿಯುವುದನ್ನೇ ಬಿಡುತ್ತದೆ.

ತಿನ್ನಿಸುವವರು ನಾವೇ. ಬೋರ್‌ವೆಲ್ ನೀರು ಗಡಸು, ಕೂದಲು ಉದುರುತ್ತದಂತೆ. ಹಾಗಾಗಿ ಸಾಫ್ಟ್‌ನರ್ ಬಂತು. ಅದರೊಳಗಿನ ರೆಸಿನ್ ಎಂಬ ಸಣ್ಣ ಮಣಿಗಳು ನೀರನ್ನು ಗಡಸು ಮಾಡುವ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ರೆಸಿನ್ ಸುಸ್ತಾದಾಗ ಮೂಟೆ ಉಪ್ಪು ಕರಗಿಸಿ ತೊಳೆಯಬೇಕು. ತೊಳೆದ ಉಪ್ಪುನೀರು ಎಲ್ಲಿಗೆ? ‘ನೀರು ಪೋಲು ಮಾಡಬೇಡಿ’ ಎಂದು ಲಿಫ್ಟ್‌ನಲ್ಲಿ ಬೋರ್ಡು ತೂಗುಹಾಕಿದ ಕಮಿಟಿಯ ಉತ್ತರ: ಗಾರ್ಡನ್‌ಗೆ! 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದಿತಲ್ಲ, ಆಮೇಲಂತೂ ಇದು ದೇಶಸೇವೆ. ಉಪ್ಪುನೀರು ಕುಡಿಯುವ ನೀರಲ್ಲ, ಅಲ್ವಾ?

ಮಣ್ಣಿನ ಜೇಡಿ ಕಣಗಳನ್ನು ಒಟ್ಟಿಗೆ ಹಿಡಿದು ಸಣ್ಣ ಸಣ್ಣ ಉಂಡೆ ಮಾಡುವುದು ಕ್ಯಾಲ್ಸಿಯಂ. ಉಂಡೆಗಳ ನಡುವಿನ ಸಂದಿಯಲ್ಲಿ ನೀರು, ಗಾಳಿ ಓಡಾಡುತ್ತವೆ. ಆ ಜಾಗದಲ್ಲಿ ಉಪ್ಪಿನ ಸೋಡಿಯಂ ಬಂದು ಕೂತರೆ ಹಿಡಿತ ಸಡಿಲ. ಆದರೆ ಉಪ್ಪು ಜಾಸ್ತಿ ಇರುವವರೆಗೆ ಮಣ್ಣು ಏನೂ ಆಗದಂತೆ ಸುಮ್ನೆ ಇರುತ್ತದೆ. ಒಳ್ಳೆ ಮಳೆ ಸುರಿದು ಉಪ್ಪು ತೆಳುವಾದಾಗಲೇ ಬಣ್ಣ ಬಯಲು. ಉಂಡೆಗಳು ಊದಿ ಒಡೆಯುತ್ತವೆ, ಬಿಡಿ ಕಣಗಳು ಸಂದಿಗಳನ್ನು ಮುಚ್ಚುತ್ತವೆ. ಮೇಲೆ ಗಟ್ಟಿ ಪದರ, ಒಣಗಿದರೆ ಬಿರುಕು. ನಮ್ಮ ಕೆಂಪು ಮಣ್ಣು ತಾಳ್ಮೆಯದು. ಉತ್ತರ ಕರ್ನಾಟಕದ ಎರೆ ಮಣ್ಣಾಗಿದ್ದರೆ ಇನ್ನೂ ಬೇಗ ಊದಿಕೊಳ್ಳುತ್ತಿತ್ತು.

ಅಪವಾದ ಮಾತ್ರ ಮಳೆಗೆ. “ಎಂಥ ಮಳೆ ರೀ ಇದು, ಲಾನೆಲ್ಲ ಕೆಸರು!”

2009ರ ಮಳೆನೀರು ಕೊಯ್ಲು ಕಾನೂನಿಗೆ ತಲೆಬಾಗಿ ತೋಡಿಸಿದ ಇಂಗುಗುಂಡಿಯೂ ಇದೆ. ನೀರು ಇಂಗುವುದಿಲ್ಲ, ಸೊಳ್ಳೆ ಚೆನ್ನಾಗಿ ಬೆಳೆಯುತ್ತವೆ. ಕಮಿಟಿ ಹೊಸ ಮಣ್ಣು ತರಿಸುತ್ತದೆ, ಒಂದು ಟ್ರ್ಯಾಕ್ಟರ್ ಲೋಡು. ಅದಕ್ಕೂ ಅದೇ ಉಪ್ಪಿನ ಅಭಿಷೇಕ.

ಮಂಡ್ಯ ಕಡೆಯ ಮಾಲಿ ಒಮ್ಮೆ ಬಾಯಿಬಿಟ್ಟ. “ಆ ನೀರು ನಿಲ್ಸಿ ಸಾರ್. ಜಿಪ್ಸಂ ಹಾಕ್ಸಿ. ನಮ್ಮೂರಲ್ಲಿ ಚೌಳು ಗದ್ದೆಗೆ ಅದನ್ನೇ ಹಾಕೋದು.”

ಜಿಪ್ಸಂನಲ್ಲಿ ಇರುವುದು ಕ್ಯಾಲ್ಸಿಯಂ. ಅದು ಸೋಡಿಯಂ ಅನ್ನು ಎಬ್ಬಿಸುತ್ತದೆ, ಒಳ್ಳೆ ನೀರು ಅದನ್ನು ಆಚೆ ತೊಳೆಯುತ್ತದೆ. ಕಾರ್ಯದರ್ಶಿಗಳು ನಕ್ಕರು. “ಜಿಪ್ಸಂ ಹಾಕ್ಸಿದ್ದೀವಲ್ಲಪ್ಪ, ಕ್ಲಬ್‌ಹೌಸ್ ಸೀಲಿಂಗ್‌ಗೆ. ನೋಡಿಲ್ವಾ?”

ಕೊನೆಗೆ ಸರ್ವಾನುಮತದಿಂದ ಪ್ಲಾಸ್ಟಿಕ್ ಹುಲ್ಲು ಹಾಸುವುದೆಂದು ತೀರ್ಮಾನವಾಯಿತು. ಅದಕ್ಕೆ ದೂಳು ಜಾಸ್ತಿ ಹಿಡಿಯುತ್ತದೆ. ದಿನಾ ಬೆಳಿಗ್ಗೆ ಪೈಪ್ ಹಿಡಿದು ತೊಳೆಯಬೇಕೆಂದು ಮಾಲಿಗೆ ಹೇಳಿದ್ದಾರೆ.