‘ಹಾಲಲ್ಲ, ಪೌಡ್ರು’ ಎಂಬ ಉತ್ತರ

ಕಳೆದ ವರ್ಷ ನಾಗರ ಪಂಚಮಿಗೆಂದು ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಊರಿಗೆ ಬಂದಾಗ, ಬಳ್ಳಾರಿಯ ಬೇಕರಿಯೊಂದರಲ್ಲಿ ಕೊಬ್ಬರಿ ಬರ್ಫಿಯ ತಟ್ಟೆಯನ್ನು ತೋರಿಸಿ, ಇದರಲ್ಲಿ ಹಾಲು ಇದೆಯೇ ಎಂದು ಎರಡು ಸಲ ಕೇಳಿದೆ. ನಾಲ್ಕೂವರೆ ವರ್ಷದ ನನ್ನ ಮಗಳಿಗೆ ಹಾಲಿನ ಅಲರ್ಜಿಯಿದೆ. ಕೌಂಟರಿನಲ್ಲಿದ್ದ ಹಿರಿಯರು ಎರಡೂ ಸಲ ತಾಳ್ಮೆಯಿಂದಲೇ ಉತ್ತರಿಸಿದರು: “ಇಲ್ರೀ ಸರ, ಇದಕ್ಕ ಹಾಲು ಹಾಕಂಗಿಲ್ಲ. ಹಾಕಿದ್ರ ಎರಡು ದಿನಕ್ಕ ಕೆಡತೈತಿ.” ನಂಬಿ ಕಾಲು ಕಿಲೋ ಕಟ್ಟಿಸಿಕೊಂಡೆ. ಕಾರು ಕುರುಗೋಡು ಮುಟ್ಟುವ ಮೊದಲೇ ಮಗುವಿನ ತುಟಿ ಊದಿಕೊಂಡಿತು, ಕುತ್ತಿಗೆಯಿಂದ ಹೊಟ್ಟೆಯವರೆಗೆ ಕೆಂಪು ದದ್ದುಗಳೆದ್ದವು. ಚೀಲದಲ್ಲಿದ್ದ ಔಷಧ ಕುಡಿಸಿ, ಕಾರು ತಿರುಗಿಸಿ ಬಳ್ಳಾರಿಯ ಆಸ್ಪತ್ರೆಗೆ ಓಡಿದೆವು. ಸಂಜೆಯ ಹೊತ್ತಿಗೆ ಅವಳು ಚೇತರಿಸಿಕೊಂಡಳು. ಆಮೇಲೆ ನಾನೊಬ್ಬನೇ ಆ ಅಂಗಡಿಗೆ ಹೋಗಿ ಕೇಳಿದಾಗ ಅವರು ನಿಜಕ್ಕೂ ಗಾಬರಿಯಾದರು. “ಹಾಲು ಹಾಕಿಲ್ರೀ, ಆಣೆ ಮಾಡ್ತೀನಿ. ಬರೇ ಪೌಡ್ರು ಹಾಕೀವಿ” ಎಂದರು.

ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಅವರು ಸುಳ್ಳಾಡಲಿಲ್ಲ. ಅವರ ಲೆಕ್ಕದಲ್ಲಿ ಹಾಲೆಂದರೆ ತಂಬಿಗೆಯಲ್ಲಿ ಇರುವುದು, ಕಾಯಿಸಿದರೆ ಉಕ್ಕುವುದು, ಬಿಟ್ಟರೆ ಒಡೆಯುವುದು. ಮೂಟೆಯಲ್ಲಿ ಬರುವ ಹಾಲಿನ ಪುಡಿ ಬೇರೆಯೇ ಸಾಮಾನು.

ಸ್ಟುಟ್‌ಗಾರ್ಟ್‌ನಲ್ಲಿ ನಮ್ಮ ಮನೆಯ ಕೆಳಗಿನ ಬೇಕರಿಯಲ್ಲಿ ಇದೇ ಪ್ರಶ್ನೆ ಕೇಳಿದರೆ ಅಲ್ಲಿ ಕೆಲಸಕ್ಕಿರುವ ಹುಡುಗಿ ನೆನಪಿನಿಂದ ಉತ್ತರ ಕೊಡುವುದಿಲ್ಲ. ಗಲ್ಲೆಯ ಪಕ್ಕದಲ್ಲಿರುವ ದಪ್ಪನೆಯ ಫೈಲನ್ನು ತೆಗೆಯುತ್ತಾಳೆ. ಪ್ಲಾಸ್ಟಿಕ್ ಹಾಳೆಯೊಳಗಿನ ಪಟ್ಟಿಯಲ್ಲಿ ಎಡಕ್ಕೆ ಪ್ರತಿಯೊಂದು ಬನ್ನು, ಬ್ರೆಡ್ಡಿನ ಹೆಸರು, ಮೇಲೆ ಸಾಲಾಗಿ ಹದಿನಾಲ್ಕು ಅಲರ್ಜಿಕಾರಕಗಳು, ನಡುವೆ ಗುರುತುಗಳು. ಬೆರಳಿಟ್ಟು ಓದಿ, ‘ಹಾಲು’ ಎಂಬ ಮನೆಯಲ್ಲಿ ಗುರುತಿದ್ದರೆ ತಲೆಯಾಡಿಸುತ್ತಾಳೆ. ಆ ಗುರುತು ಹಾಲಿಗೂ ಬಿದ್ದಿರುತ್ತದೆ, ಹಾಲಿನ ಪುಡಿಗೂ ಬಿದ್ದಿರುತ್ತದೆ, ಬೆಣ್ಣೆಗೂ ಬಿದ್ದಿರುತ್ತದೆ. ಪೊಟ್ಟಣ ಕಟ್ಟದೆ ಬಿಡಿಯಾಗಿ ಮಾರುವ ತಿನಿಸಿಗೂ ಈ ಮಾಹಿತಿ ಇರಲೇಬೇಕೆಂಬ ನಿಯಮ ಯುರೋಪಿಯನ್ ಒಕ್ಕೂಟದಲ್ಲಿ 2014ರ ಡಿಸೆಂಬರ್ 13ರಿಂದ ಜಾರಿಯಲ್ಲಿದೆ. ಪೊಟ್ಟಣದ ಪದಾರ್ಥವಾದರೆ ಸಾಮಗ್ರಿಗಳ ಸಾಲಿನಲ್ಲಿ ಹಾಲೆಂಬ ಪದವನ್ನು ದಪ್ಪ ಅಕ್ಷರದಲ್ಲಿಯೋ ಬೇರೆ ರೀತಿಯಲ್ಲಿಯೋ ಎದ್ದು ಕಾಣುವಂತೆ ಅಚ್ಚು ಹಾಕಬೇಕು. ಮಗಳ ಅಲರ್ಜಿ ಗೊತ್ತಾದ ದಿನದಿಂದ ನಾನು ಆ ದೇಶದಲ್ಲಿ ಓದುವುದು ಆ ಕಪ್ಪು ಅಕ್ಷರಗಳನ್ನೇ.

ಹೆಸರಿನ ವಿಷಯದಲ್ಲಂತೂ ಅವರು ಇನ್ನೂ ಕಟ್ಟುನಿಟ್ಟು. ನಮ್ಮ ಮನೆಗೆ ವಾರಕ್ಕೆ ಆರು ಡಬ್ಬಿ ಓಟ್ಸಿನ ಪಾನೀಯ ಬರುತ್ತದೆ. ಅದರ ಮೇಲೆ ‘ಹಾಫರ್ ಡ್ರಿಂಕ್’, ಅಂದರೆ ಓಟ್ಸಿನ ಪಾನೀಯ, ಎಂದಿರುತ್ತದೆಯೇ ಹೊರತು ‘ಮಿಲ್ಶ್’, ಅಂದರೆ ಹಾಲು, ಎಂದು ಎಲ್ಲಿಯೂ ಇರುವುದಿಲ್ಲ. ಒಕ್ಕೂಟದ 2013ರ ನಿಯಮದ ಪ್ರಕಾರ ಹಾಲು, ಬೆಣ್ಣೆ, ಚೀಸ್, ಮೊಸರು ಎಂಬ ಹೆಸರುಗಳು ಕೆಚ್ಚಲಿನಿಂದ ಬಂದದ್ದಕ್ಕೆ ಮೀಸಲು. ಟೋಫುಟೌನ್ ಎಂಬ ಜರ್ಮನ್ ಕಂಪನಿ ತನ್ನ ಸರಕನ್ನು ‘ಟೋಫು ಬೆಣ್ಣೆ’, ‘ಸಸ್ಯ ಚೀಸ್’ ಎಂದು ಕರೆದಾಗ, 2017ರ ಜೂನ್ 14ರಂದು ಒಕ್ಕೂಟದ ನ್ಯಾಯಾಲಯವು ಹಿಂದೆ ಮುಂದೆ ಯಾವ ವಿವರಣೆಯ ಪದ ಸೇರಿಸಿದರೂ ಆ ಹೆಸರು ಸಲ್ಲದು ಎಂದು ತೀರ್ಪಿತ್ತಿತು. ಅಮೆರಿಕದವರು ಇಷ್ಟು ಬಿಗಿಯಿಲ್ಲ. ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು 2023ರಲ್ಲಿ ಹೊರಡಿಸಿದ ಕರಡು ಮಾರ್ಗಸೂಚಿಯಲ್ಲಿ ಸೋಯಾ ಹಾಲು, ಬಾದಾಮಿ ಹಾಲು ಎಂಬ ಹೆಸರುಗಳಿಗೆ ಒಪ್ಪಿ, ಪೋಷಕಾಂಶದಲ್ಲಿ ಹಸುವಿನ ಹಾಲಿಗಿಂತ ಎಲ್ಲಿ ಕಡಿಮೆಯೆಂಬುದನ್ನೂ ತಿಳಿಸಿರೆಂದು ಸಲಹೆ ಮಾಡಿತು. ಓಟ್ಸಿನ ಪಾನೀಯದಲ್ಲಿ ನೂರು ಮಿಲಿಲೀಟರಿಗೆ ಸುಮಾರು 1 ಗ್ರಾಂ ಪ್ರೋಟೀನ್ ಇದ್ದರೆ ಹಸುವಿನ ಹಾಲಿನಲ್ಲಿ ಮೂರು ಗ್ರಾಮಿಗಿಂತ ಹೆಚ್ಚಿರುತ್ತದೆ. ಬೆಳೆಯುವ ಮಗುವಿನ ತಂದೆಯಾಗಿ ನನಗೆ ಜರ್ಮನಿಯ ದಾರಿಯೇ ಸರಿಯೆನ್ನಿಸುತ್ತದೆ. ಎರಡಕ್ಕೂ ಒಂದೇ ಹೆಸರಿದ್ದರೆ ಎರಡೂ ಒಂದೇ ಎಂದು ಬಗೆಯುವ ತಾಯಂದಿರು ಇದ್ದೇ ಇರುತ್ತಾರೆ.

ನಮ್ಮಲ್ಲಿ ಕಾನೂನೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2021ರಲ್ಲಿಯೇ ಸಸ್ಯಜನ್ಯ ಪಾನೀಯಗಳ ಮೇಲೆ ಹಾಲಿನ ಹೆಸರು ಇರಕೂಡದೆಂದು ಆದೇಶಿಸಿದೆ. ಪೊಟ್ಟಣಗಳ ಮೇಲೆ ಹಾಲು, ಶೇಂಗಾ, ಸೋಯಾಗಳಂತಹ ಅಲರ್ಜಿಕಾರಕಗಳನ್ನು ತಿಳಿಸಬೇಕೆಂಬುದು 2020ರ ಲೇಬಲ್ ನಿಯಮಗಳಲ್ಲಿದೆ. ಆದರೆ ಗಂಗಾವತಿ, ಸಿಂಧನೂರು, ಸಿರುಗುಪ್ಪಗಳಲ್ಲಿ ಜನ ಸಿಹಿಯನ್ನು ಪೊಟ್ಟಣದಲ್ಲಿ ಎಲ್ಲಿ ಕೊಳ್ಳುತ್ತಾರೆ? ತಟ್ಟೆಯಿಂದ ತೂಗಿ ಕೊಡುವ ಸಿಹಿಯ ಮುಂದೆ, ಎಷ್ಟು ದಿನದೊಳಗೆ ತಿಂದರೆ ಉತ್ತಮವೆಂಬ ತಾರೀಖು ಇರಬೇಕೆಂದು 2020ರ ಅಕ್ಟೋಬರಿನಿಂದ ನಿಯಮವಾಯಿತು. ಅಲರ್ಜಿಯ ಮಾಹಿತಿ ಕೊಡುವ ಹೊಣೆ ಮಾತ್ರ ದೊಡ್ಡ ಸರಣಿ ಹೋಟೆಲುಗಳ ಮೇಲೆ ಬಿತ್ತೇ ಹೊರತು ಒಂದೇ ಅಂಗಡಿಯ ಬೇಕರಿಯ ಮೇಲಲ್ಲ. ನನ್ನ ಮಗಳಿಗೆ ಬರ್ಫಿ ಕೊಟ್ಟದ್ದು ಅಂಥ ಒಂದೇ ಅಂಗಡಿ.

ಇದು ನನ್ನನ್ನು ಇಷ್ಟು ಕಾಡುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮಪ್ಪ ಎರಡು ಎಮ್ಮೆ ಕಟ್ಟಿ, ಎರಡು ಹೊತ್ತೂ ಊರ ಡೇರಿಗೆ ಹಾಲು ಹಾಕುವವರು. ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ ಜಿಲ್ಲೆಗಳ ಹಾಲು ಒಕ್ಕೂಟವಾದ, ಬಳ್ಳಾರಿಯಲ್ಲಿರುವ ರಾಬಕೊವಿಗೆ ಹೋಗುವ ಹಾಲು ಅದು. ಕ್ಯಾನಿನಿಂದ ಒಂದು ಚಿಕ್ಕ ಮಾದರಿ ತೆಗೆದು ಯಂತ್ರಕ್ಕಿಡುತ್ತಾರೆ, ಬಸ್ ಟಿಕೆಟ್ಟಿನಷ್ಟು ಅಗಲದ ಚೀಟಿಯೊಂದು ಹೊರಬರುತ್ತದೆ. ಅಪ್ಪ ಅದನ್ನು ಕನ್ನಡಕದ ಹತ್ತಿರ ಹಿಡಿದು ಓದುತ್ತಾರೆ: ಲೀಟರು ಇಷ್ಟು, ಫ್ಯಾಟ್ 6.8, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಇಷ್ಟು, ರೂಪಾಯಿ ಇಷ್ಟು. ಫ್ಯಾಟ್ ಒಂದು ಅಂಶ ಇಳಿದರೂ ಹಣ ಇಳಿಯುತ್ತದೆ. ಮರುದಿನ ಅವರು ಹಿಂಡಿಯ ಪ್ರಮಾಣವನ್ನು ಕುರಿತು ಯೋಚಿಸುತ್ತ ಕೂರುತ್ತಾರೆ. ಕರೆದ ಹಾಲಿಗೆ ದಶಾಂಶದವರೆಗೆ ಲೆಕ್ಕ ಕೊಡುವ ನಾಡಿನಲ್ಲಿ, ಅದೇ ಹಾಲು ಪುಡಿಯಾಗಿ ಖೋವಾ ಆಗಿ ತಟ್ಟೆಗೆ ಬಂದ ಮೇಲೆ ಅದರ ಹೆಸರನ್ನೂ ಯಾರೂ ಹೇಳುವುದಿಲ್ಲವೆಂದರೆ ನನಗೆ ಸಂಕಟವಾಗುತ್ತದೆ. ರೈತನಿಂದ ಕೇಳುವ ಲೆಕ್ಕದಲ್ಲಿ ನಾಲ್ಕಾಣೆಯಷ್ಟನ್ನಾದರೂ ಮಾರುವವನಿಂದ ಕೇಳಬೇಡವೇ?

2023ರ ಮಾರ್ಚ್‌ನಲ್ಲಿ ನಂದಿನಿ ಮೊಸರಿನ ಪೊಟ್ಟಣದ ಮೇಲೆ ‘ದಹಿ’ ಎಂದು ಬರೆದು ‘ಮೊಸರು’ ಎಂಬುದನ್ನು ಆವರಣದೊಳಗೆ ಇಡಬೇಕೆಂಬ ಸೂಚನೆ ಬಂದದ್ದು ನಿಮಗೆ ನೆನಪಿರಬಹುದು. ನಮ್ಮಲ್ಲಿಯೂ ತಮಿಳುನಾಡಿನಲ್ಲಿಯೂ ಜನ ಎದ್ದರು, ಅದೇ ತಿಂಗಳ ಕೊನೆಗೆ ಪ್ರಾಧಿಕಾರ ಹಿಂದೆ ಸರಿಯಿತು. ಆ ದಿನ ದೂರದಲ್ಲಿ ಕುಳಿತ ನನಗೂ ಹೆಮ್ಮೆಯಾಗಿತ್ತು, ಇಂದಿಗೂ ಆಗುತ್ತದೆ. ಆದರೆ ನಮ್ಮವ್ವನಂಥವರಿಗೆ ಆ ಒಂದು ಪದವಷ್ಟೇ ಸಾಲದು. ದೇಶದ ನಿಯಮದ ಪ್ರಕಾರ ಲೇಬಲ್ಲಿನ ವಿವರ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇದ್ದರೆ ಸಾಕು. ಕನ್ನಡ ಹೆಚ್ಚುವರಿಯಾಗಿ ಬೇಕಿದ್ದರೆ ಇರಬಹುದು. ಹೀಗಾಗಿ ಮೊಮ್ಮಗಳ ಬಿಸ್ಕೀಟಿನಲ್ಲಿ ಹಾಲಿನ ಪುಡಿ ಇದೆಯೇ ಎಂದು ತಿಳಿಯಲು ಅವ್ವ ಪೊಟ್ಟಣವನ್ನು ಪಕ್ಕದ ಮನೆಯ ಹುಡುಗನ ಬಳಿ ಒಯ್ಯುತ್ತಾಳೆ.

ಇಷ್ಟೆಲ್ಲ ಬರೆದ ಮೇಲೆ, ಒಪ್ಪಲು ಮನಸ್ಸಿಲ್ಲದಿದ್ದರೂ ಒಪ್ಪಬೇಕಾದದ್ದು ಒಂದೆರಡಿದೆ. ಯುರೋಪಿನವರ ಹೆಸರಿನ ನಿಯಮ ಕನ್ನಡದ ಬಾಯಿಗೆ ಹೊಂದುವಂಥದ್ದಲ್ಲ. ನಮ್ಮ ಮಾತಿನಲ್ಲಿ ಗಸಗಸೆ ಅರೆದರೂ ಹಾಲು, ಎಕ್ಕೆಯ ಎಲೆ ಮುರಿದರೂ ಹಾಲು, ಎಳೆ ಜೋಳದ ತೆನೆಯಲ್ಲಿಯೂ ಹಾಲುಗಾಳು. ಜೊತೆಗಿರುವ ಪದವೇ ಯಾವ ಹಾಲೆಂದು ಹೇಳುತ್ತದೆ, ಯಾರೂ ಮೋಸ ಹೋಗುವುದಿಲ್ಲ. ಅವರೂ ತಮ್ಮ ನಿಯಮದಲ್ಲಿ ತೆಂಗಿನ ಹಾಲಿಗೆ ವಿನಾಯಿತಿ ಕೊಟ್ಟಿದ್ದಾರೆ. ಆ ವರ್ಷ ಪಂಚಮಿಯ ದಿನ ಅವ್ವ ಹಸಿ ಕೊಬ್ಬರಿ ತುರಿದು ಹಿಂಡಿ ಹಾಲು ತೆಗೆದಳು, ಮಗಳು ಕೊಬ್ಬರಿ ಗಿಟಕಿನಿಂದ, ಅಂದರೆ ಒಣ ಕೊಬ್ಬರಿಯ ಹೋಳಿನಿಂದ, ನಾಗಪ್ಪನಿಗೆ ಅದನ್ನೇ ಎರೆಯುತ್ತ ದೇವರ ಪಾಲು, ಅಜ್ಜನ ಪಾಲು, ಅಜ್ಜಿಯ ಪಾಲು ಎಂದು ಎಲ್ಲರ ಪಾಲನ್ನೂ ಹೇಳಿದಳು. ಅದು ಹಾಲಲ್ಲವೆಂದು ಅಲ್ಲಿ ಯಾರಿಗೂ ತೋರಲಿಲ್ಲ. ನನ್ನ ಮಗುವನ್ನು ಜರ್ಮನಿಯಲ್ಲಿ ಕಾಯುತ್ತಿರುವುದು ಡಬ್ಬಿಯ ಮುಂಭಾಗದ ಹೆಸರಲ್ಲ, ಬೇಕರಿಯ ಗಲ್ಲೆಯ ಪಕ್ಕದ ಆ ಫೈಲು. ಅಂಥ ಒಂದು ಪಟ್ಟಿ, ಹಾಲು, ಪುಡಿ, ಖೋವಾ, ತುಪ್ಪ, ಬೆಣ್ಣೆ ಎಂದು ಕನ್ನಡದಲ್ಲಿ ಬಿಡಿಸಿ ಬರೆದದ್ದು, ನಮ್ಮ ಬೇಕರಿಗಳ ಗೋಡೆಗೆ ಬಂದರೆ ಸಾಕು ಎಂಬಲ್ಲಿಗೆ ನನ್ನ ಹಟ ಈಗ ನಿಂತಿದೆ.

ಇನ್ನೊಂದು ಸಂಗತಿಯನ್ನು ಮರೆಮಾಚುವುದು ನ್ಯಾಯವಲ್ಲ. ಸ್ಟುಟ್‌ಗಾರ್ಟ್‌ನಲ್ಲಿ ಆರು ವರ್ಷದಿಂದ ಒಂದೇ ಮೆಟ್ಟಿಲು ಹತ್ತುವ ನೆರೆಯವರಿಗೆ ನನ್ನ ಮಗಳ ಅಲರ್ಜಿ ಗೊತ್ತಿದೆ. ಅವರು ಏನನ್ನೂ ಕೊಡದಿರುವುದೇ ಅವರ ಎಚ್ಚರಿಕೆ. ಊರಿನಲ್ಲಿ ಬರ್ಫಿಯ ಸುದ್ದಿ ಒಂದೇ ಸಂಜೆಯಲ್ಲಿ ಓಣಿಯೆಲ್ಲ ಹಬ್ಬಿತು. ಎಮ್ಮೆಯ ಹಾಲು ಕೊಟ್ಟು ನೋಡಿರೆಂದು ಮೂವರು ಹೇಳಿದರು, ಅದೂ ಆಗದೆಂದು ಮೂವರಿಗೂ ಬಿಡಿಸಿ ಹೇಳಿದೆ. ಮರುದಿನ ಬೆಳಿಗ್ಗೆ ಎದುರುಮನೆಯ ಶಾಂತಮ್ಮತ್ತೆ ಸೆರಗು ಮುಚ್ಚಿದ ತಟ್ಟೆ ಹಿಡಿದು ಬಂದು, ಹೊಸ್ತಿಲಾಚೆಯೇ ನಿಂತು, ನಾನು ಕೇಳುವ ಮೊದಲೇ ಹೇಳಿದರು: “ಶೇಂಗಾ ಉಂಡಿ ಐತಪಾ. ಶೇಂಗಾ, ಬೆಲ್ಲ, ಯಾಲಕ್ಕಿ, ಮೂರೇ ಮೂರು. ತುಪ್ಪ ಮುಟ್ಟಿಸಿಲ್ಲ, ಹಾಲಿನ ಪೌಡ್ರೂ ಇಲ್ಲ. ಒರಳು ಎರಡು ಸಲ ತೊಳದೀನಿ, ಉಂಡಿ ಕಟ್ಟೂ ಮುಂದ ಕೈಗೆ ಎಣ್ಣಿ ಹಚ್ಚಿಕೊಂಡೀನಿ. ಕೂಸಿಗೆ ಕೊಡು.”