ಮುಳುಗಿದ ಹಡಗುಗಳ ಪುನರ್ಜನ್ಮ

ನಮ್ಮ ಮನೆಯ ಊಟದ ಮೇಜು ಆರಡಿ ಉದ್ದ, ನಾಲ್ಕಡಿ ಅಗಲವಿದ್ದು, ಅದರ ಮೇಲೆ ಯಾರೂ ಊಟ ಮಾಡದೆ ಎರಡು ತಿಂಗಳಾಗಿದೆ. ಸದ್ಯಕ್ಕೆ ಅದರ ಉತ್ತರದ ಅಂಚಿನಲ್ಲಿ ಕೃಷ್ಣಾ ನದಿ ಹರಿಯುತ್ತಿದೆ. ನದಿಯ ದಕ್ಷಿಣಕ್ಕೆ 1565ರ ಜನವರಿ ತಿಂಗಳು ನಡೆಯುತ್ತಿದ್ದು, ಅಳಿಯ ರಾಮರಾಯನ ಆನೆ, ಕುದುರೆ, ಕಾಲಾಳುಗಳು ಒಂದು ಕಡೆಗೂ ದಖನ್ನಿನ ಸುಲ್ತಾನರ ಫಿರಂಗಿಗಳು ಇನ್ನೊಂದು ಕಡೆಗೂ ನಿಂತಿವೆ. ಒಬ್ಬೊಬ್ಬ ಸೈನಿಕನ ಎತ್ತರ 15 ಮಿಲಿಮೀಟರ್, ಅಂದರೆ ಗೋಡಂಬಿಗಿಂತ ತುಸು ಗಿಡ್ಡ. ಸಂಸಾರವು ನೆಲದ ಮೇಲೆ ಚಾಪೆ ಹಾಸಿಕೊಂಡು ಉಣ್ಣುತ್ತಿದೆ. ಈ ಏರ್ಪಾಡಿನ ಬಗ್ಗೆ ಸಂಸಾರದ ಅಭಿಪ್ರಾಯವೇನೆಂಬುದನ್ನು ಇಲ್ಲಿ ದಾಖಲಿಸುವ ಅಗತ್ಯ ಕಾಣುವುದಿಲ್ಲ.

ಪುಟ್ಟ ಭೂಭಾಗವನ್ನು ಕಟ್ಟಿ ಅದರ ಮೇಲೆ ಗೊಂಬೆಗಳ ಯುದ್ಧ ನಡೆಸುವ ಈ ಹವ್ಯಾಸವನ್ನು ನೋಡಿ ಹುಬ್ಬೇರಿಸುವವರಿಗೆ ನಾನು ನವರಾತ್ರಿಯನ್ನು ನೆನಪಿಸುತ್ತೇನೆ. ಹಳೇ ಮೈಸೂರಿನ ಕಡೆಯ ಮನೆಗಳಲ್ಲಿ ಪಟ್ಟದ ಗೊಂಬೆಗಳನ್ನು ಕೂರಿಸಿದ ಮೇಲೆ, ಮೆಟ್ಟಿಲುಗಳ ಕೆಳಗೆ ತಟ್ಟೆಯಲ್ಲಿ ಮಣ್ಣು ಹರಡಿ, ರಾಗಿ ಬಿತ್ತಿ, ಮೊಳಕೆಯೊಡೆದ ಹಸಿರಿನ ನಡುವೆ ಕನ್ನಡಿಯ ಚೂರೊಂದನ್ನು ಹುದುಗಿಸಿ ಕೆರೆ ಮಾಡುತ್ತಿದ್ದುದು ಯಾರಿಗೆ ಗೊತ್ತಿಲ್ಲ? ನನ್ನ ಕೈಯಲ್ಲಿ ಆ ರಾಗಿಯ ಪೈರಿನ ಜಾಗಕ್ಕೆ ತೆಂಗಿನ ನಾರು ಬಂದಿದೆ, ಪೊದೆಗೆ ಪಾತ್ರೆ ತಿಕ್ಕುವ ಸ್ಪಂಜಿನ ಚೂರು ಬಂದಿದೆ, ಕಾಡಿನ ತರಗೆಲೆಗೆ ಸೋಸಿ ಉಳಿದ ಚಹಾಪುಡಿಯನ್ನು ಬಿಸಿಲಿನಲ್ಲಿ ಒಣಗಿಸಿ ಬಳಸುತ್ತೇನೆ. ಗುಡ್ಡವೆಂದರೆ ಥರ್ಮಾಕೋಲ್, ಅದರ ಮೇಲೆ ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿದ ಹಳೆಯ ಪತ್ರಿಕೆ, ಅದರ ಮೇಲೆ ಜರಡಿಯಾಡಿಸಿದ ಮರಳು. ಈ ಕ್ರಮವನ್ನು ಮೀರಿದರೆ ಏನಾಗುತ್ತದೆಂಬುದನ್ನು ಮೊದಲ ವರ್ಷವೇ ಕಲಿತೆ. ಅವಸರಪಟ್ಟು ಬರಿಯ ಥರ್ಮಾಕೋಲಿಗೆ ಸ್ಪ್ರೇ ಪೈಂಟ್ ಹೊಡೆದಾಗ, ಪೈಂಟಿನಲ್ಲಿರುವ ದ್ರಾವಕಕ್ಕೆ ಅದು ಕರಗಿ, ನೋಡನೋಡುತ್ತಿದ್ದಂತೆ ಗುಡ್ಡದ ಅರ್ಧ ಭಾಗ ಹುಳು ತಿಂದ ಬದನೆಕಾಯಿಯಂತೆ ಒಳಕ್ಕೆ ಕುಸಿಯಿತು. ಅಮ್ಮ ಬಂದು ನೋಡಿ, "ಹೋಗ್ಲಿ ಬಿಡಪ್ಪ, ಕಲ್ಲು ಕ್ವಾರಿ ಅಂತ ಇಟ್ಕೋ. ಈಗ ಎಲ್ಲಾ ಗುಡ್ಡಗಳೂ ಹೀಗೇ ತಾನೆ ಇರೋದು" ಎಂದಳು.

ಆದರೆ ನಾನು ಹೇಳಹೊರಟದ್ದು ಗುಡ್ಡದ ವಿಷಯವಲ್ಲ, ದಾಳದ ವಿಷಯ. ಈ ಆಟದಲ್ಲಿ ಎಲ್ಲಕ್ಕೂ ಲೆಕ್ಕವಿದೆ. ಕಾಲಾಳು ಬಯಲಿನಲ್ಲಿ ಇಷ್ಟು ಅಂಗುಲ ನಡೆದರೆ ಕಾಡಿನಲ್ಲಿ ಅದರ ಅರ್ಧ ನಡೆಯಬೇಕು, ಮತ್ತು ಅದನ್ನು ದರ್ಜಿಯ ಟೇಪು ಹಿಡಿದು ಅಳೆಯಬೇಕು. ಗುಡ್ಡದಾಚೆಯ ಕುದುರೆ ಬಿಲ್ಲಾಳಿಗೆ ಕಾಣುತ್ತದೆಯೋ ಇಲ್ಲವೋ ಎಂಬ ತಕರಾರು ಬಂದರೆ, ಐವತ್ತು ದಾಟಿದ ಇಬ್ಬರು ಗೃಹಸ್ಥರು ಮೊಣಕಾಲೂರಿ, ಗಲ್ಲವನ್ನು ಮೇಜಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಆ ಗೋಡಂಬಿ ಗಾತ್ರದ ಮನುಷ್ಯನ ಹೆಗಲ ಮೇಲಿಂದ ನೋಡಿ ತೀರ್ಮಾನಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದಾಳ ಬಿದ್ದದ್ದು ಬಿದ್ದದ್ದೇ. ಮೂರು ವಾರ ಕುಳಿತು ಭೂತಗನ್ನಡಿಯ ಕೆಳಗೆ ಅಂಬಾರಿಗೆ ಬಣ್ಣ ಹಚ್ಚಿದ ಆನೆಯಾದರೂ ಸರಿ, ದಾಳ ಸಾಯಿಸಿದರೆ ಅದನ್ನು ಮೇಜಿನಿಂದ ಎತ್ತಿ ಪೆಟ್ಟಿಗೆಗೆ ಹಾಕಬೇಕು.

ಈ ನಿಯಮವು ನಮ್ಮ ಎದುರುಮನೆಯ ಯಜಮಾನರಿಗೆ ಮೊದಲ ದಿನದಿಂದಲೂ ಒಪ್ಪಿಗೆಯಾಗಿಲ್ಲ. ನಿವೃತ್ತರಾದ ಅವರು ಭಾನುವಾರಗಳಂದು ಕಾಫಿಯ ಹೊತ್ತಿಗೆ ಸರಿಯಾಗಿ ಬಂದು ವಿಜಯನಗರದ ಕಡೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಸುಲ್ತಾನರ ಗೋಲಂದಾಜರು ತಾಮ್ರದ ನಾಣ್ಯಗಳ ಚೀಲಗಳನ್ನೇ ಫಿರಂಗಿಗೆ ತುಂಬಿ ಹಾರಿಸಿದರೆಂದು ಇತಿಹಾಸಕಾರ ಫೆರಿಷ್ತಾ ಬರೆದಿರುವುದನ್ನು ಆಧರಿಸಿ ನಾನು ಹತ್ತಿರದ ಗುರಿಗೆ ಒಂದು ದಾಳ ಹೆಚ್ಚಿಗೆ ಕೊಟ್ಟಿದ್ದೇನೆ. ಆ ದಾಳ ಉರುಳಿ ರಾಮರಾಯನ ಪಾಳಯದಲ್ಲಿ ಎರಡು ಸಾಲು ನೆಲಕ್ಕೊರಗಿದಾಗಲೆಲ್ಲ ಯಜಮಾನರು, "ಅದು ಲೆಕ್ಕಕ್ಕಿಲ್ಲ, ಇನ್ನೊಂದ್ಸಲ ಹಾಕಿ" ಎನ್ನುತ್ತಾರೆ. ಅವರಿಗೆ ಆಟ ಅರ್ಥವಾಗಿಲ್ಲವೆಂದು ನಾನು ಬಹಳ ಕಾಲ ತಪ್ಪಾಗಿ ತಿಳಿದಿದ್ದೆ. ಈ ಆಟದ ಚರಿತ್ರೆಯನ್ನು ಓದಿದ ಮೇಲೆಯೇ, ನಮ್ಮ ಯಜಮಾನರಲ್ಲಿ ಒಬ್ಬ ಅಡ್ಮಿರಲ್ಲನ ಲಕ್ಷಣಗಳೆಲ್ಲವೂ ಇವೆಯೆಂದು ನನಗೆ ಮನವರಿಕೆಯಾದದ್ದು.

ಆಟವು ಅರಮನೆಯಲ್ಲಿ ಹುಟ್ಟಿತು. 1812ರಲ್ಲಿ ರೈಸ್‌ವಿಟ್ಸ್ ಎಂಬ ಅಧಿಕಾರಿ ಪ್ರಷ್ಯಾದ ದೊರೆ ಮೂರನೆಯ ಫ್ರೆಡ್ರಿಕ್ ವಿಲ್ಹೆಲ್ಮನಿಗೆ ಒಂದು ಮೇಜನ್ನು ಒಪ್ಪಿಸಿದ. ಅದರ ಖಾನೆಗಳಲ್ಲಿ ಗಾರೆಯಿಂದ ಅಚ್ಚು ಹೊಯ್ದು ಬಣ್ಣ ಬಳಿದ ಗುಡ್ಡ, ಹೊಳೆ, ಹಳ್ಳಿಗಳ ಬಿಲ್ಲೆಗಳಿದ್ದವು, ಬೇಕಾದಂತೆ ಜೋಡಿಸಿ ಬೇಕಾದ ನಾಡನ್ನು ಕಟ್ಟಬಹುದಾಗಿತ್ತು. ಅವನ ಮಗ 1824ರಲ್ಲಿ ಅದನ್ನು ನಕ್ಷೆಯ ಮೇಲಕ್ಕೆ ತಂದು, ದಾಳವನ್ನೂ ನಿಷ್ಪಕ್ಷಪಾತಿಯಾದ ತೀರ್ಪುಗಾರನನ್ನೂ ಸೇರಿಸಿ ನಿಯಮಗಳನ್ನು ಪ್ರಕಟಿಸಿದ. ಸೇನಾ ಮುಖ್ಯಸ್ಥನಾಗಿದ್ದ ಮುಫ್ಲಿಂಗ್ ಮೊದಲು ಉದಾಸೀನದಿಂದ ನೋಡಿ, ನೋಡುತ್ತ ನೋಡುತ್ತ ಬೆಚ್ಚಗಾಗಿ, ಇದು ಆಟವೇ ಅಲ್ಲ, ಯುದ್ಧದ ತರಬೇತಿ ಎಂದು ಉದ್ಗರಿಸಿದನಂತೆ. ಆಟವನ್ನು ಆಟವೆಂದು ಕರೆಯುವುದನ್ನು ದೊಡ್ಡವರು ನಿಲ್ಲಿಸಿದ್ದು ಅಂದೇ ಇರಬೇಕು. ಆಟದಲ್ಲಿ ಸೋಲಬಹುದು, ತರಬೇತಿಯಲ್ಲಿ ಸೇನಾಪತಿ ಸೋಲುವುದು ಶಿಸ್ತಿಗೆ ಭಂಗ.

1942ರ ಮೇ ತಿಂಗಳ ಮೊದಲ ವಾರದಲ್ಲಿ ಜಪಾನಿನ ನೌಕಾಪಡೆಯು ಯಮಾಟೊ ಎಂಬ ಯುದ್ಧನೌಕೆಯಲ್ಲಿ, ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಮೇಲಿನ ದಂಡಯಾತ್ರೆಯ ಪೂರ್ವಭಾವಿ ಆಟವನ್ನು ನಡೆಸಿತು. ಅಮೆರಿಕದ ವಿಮಾನಗಳು ಎರಗಿದರೆ ಏನಾದೀತೆಂದು ದಾಳ ಹಾಕಿದಾಗ ಒಂಬತ್ತು ಬಾಂಬುಗಳು ಗುರಿ ತಾಗಿದವು, ಅಕಾಗಿ ಮತ್ತು ಕಾಗಾ ಎಂಬ ಎರಡು ವಿಮಾನವಾಹಕ ನೌಕೆಗಳು ಮುಳುಗಿದವು. ಆಟದ ಅಧ್ಯಕ್ಷತೆ ವಹಿಸಿದ್ದ ರಿಯರ್ ಅಡ್ಮಿರಲ್ ಉಗಾಕಿ ಕೂಡಲೇ ಆ ಒಂಬತ್ತನ್ನು ಮೂರೆಂದು ತಿದ್ದಿದನೆಂದೂ, ಹಾಗಾಗಿ ಕಾಗಾ ಮಾತ್ರ ಮುಳುಗಿ ಅಕಾಗಿಗೆ ಸಣ್ಣಪುಟ್ಟ ಗಾಯವಾಯಿತೆಂದೂ ಆ ಆಟದಲ್ಲಿ ದಾಳ ಹಾಕಿದ ತೀರ್ಪುಗಾರ ಒಕುಮಿಯಾ ಯುದ್ಧ ಮುಗಿದ ಮೇಲೆ ದಾಖಲಿಸಿದ್ದಾನೆ. ಸತ್ತ ಕಾಗಾ ಕೂಡ ಆಟದ ಮುಂದಿನ ಅಧ್ಯಾಯದಲ್ಲಿ, ಫಿಜಿಯ ಕಡೆಗೆ ಹೊರಟ ದಂಡಿನ ಜೊತೆಗೆ, ಏನೂ ಆಗಿಲ್ಲವೆಂಬಂತೆ ತೇಲಿಬಂದಿತು. ತಿಂಗಳು ಕಳೆದು ಜೂನ್ 4ರಂದು ಅಮೆರಿಕನ್ನರು ನಿಜವಾದ ಬಾಂಬುಗಳೊಂದಿಗೆ ಬಂದರು. ಅಕಾಗಿ, ಕಾಗಾ ಎರಡೂ ಮುಳುಗಿದವು, ಜೊತೆಗೆ ಸೋರ್ಯು, ಹಿರ್ಯು ಎಂಬ ಇನ್ನೆರಡೂ ಮುಳುಗಿದವು. ಆ ದಿನ ಸಮುದ್ರದ ಮಧ್ಯದಲ್ಲಿ, "ಲೆಕ್ಕಕ್ಕಿಲ್ಲ, ಇನ್ನೊಂದ್ಸಲ ಹಾಕಿ" ಎನ್ನಲು ಅನುಕೂಲವಿರಲಿಲ್ಲವೆಂದು ಕಾಣುತ್ತದೆ.

ಈ ಕಥೆಯನ್ನು ಗೆದ್ದವರು ಬಹಳ ಕಾಲ ನಕ್ಕು ನಕ್ಕು ಹೇಳಿಕೊಂಡರು. ಆಮೇಲೆ 2002ರ ಬೇಸಿಗೆಯಲ್ಲಿ ಅವರೇ ಸುಮಾರು 25 ಕೋಟಿ ಡಾಲರ್ ಖರ್ಚಿನಲ್ಲಿ, 13,500 ಮಂದಿಯನ್ನು ತೊಡಗಿಸಿ, 'ಮಿಲೇನಿಯಂ ಚಾಲೆಂಜ್' ಎಂಬ ಮಹಾ ಆಟವನ್ನು ಏರ್ಪಡಿಸಿದರು. (25 ಕೋಟಿ ಡಾಲರಿಗೆ ಎಷ್ಟು ಥರ್ಮಾಕೋಲ್ ಬರುತ್ತದೆಂದು ಲೆಕ್ಕ ಹಾಕಲು ಕುಳಿತು, ಮನಸ್ಸಿಗೆ ನೋವಾಗಿ ಬಿಟ್ಟುಬಿಟ್ಟೆ.) ಶತ್ರುವಿನ ಪಾತ್ರಕ್ಕೆ ನಿವೃತ್ತ ಮೆರೀನ್ ಜನರಲ್ ಪಾಲ್ ವ್ಯಾನ್ ರೈಪರ್ ಅವರನ್ನು ಕರೆಸಿದರು. ಅವರು ರೇಡಿಯೊ ಬಳಸಿದರೆ ಕದ್ದು ಕೇಳುತ್ತಾರೆಂದು ಮೋಟಾರ್ ಸೈಕಲ್ ಸವಾರರ ಕೈಯಲ್ಲಿ ಚೀಟಿ ಕಳಿಸಿದರು, ವಿಮಾನಗಳಿಗೆ ದೀಪದ ಸನ್ನೆ ಮಾಡಿದರು, ಕ್ಷಿಪಣಿಗಳನ್ನು ಒಟ್ಟಿಗೆ ಸುರಿದು, ಸಣ್ಣ ದೋಣಿಗಳನ್ನು ಛೂ ಬಿಟ್ಟು, ಒಂದು ವಿಮಾನವಾಹಕವೂ ಸೇರಿದಂತೆ 16 ಹಡಗುಗಳನ್ನು ಆರಂಭದಲ್ಲೇ ಮುಳುಗಿಸಿದರು. ನಮ್ಮ ಮೇಜಿನ ಮೇಲಾಗಿದ್ದರೆ ಎದುರಾಳಿಯು ಕೈಕುಲುಕಿ, ಕಾಫಿ ಕುಡಿದು, ಪೆಟ್ಟಿಗೆ ತುಂಬಿಕೊಂಡು ಮನೆಗೆ ಹೊರಡುತ್ತಿದ್ದ. ಅಲ್ಲಿ ಆಟವನ್ನು ತಡೆಹಿಡಿದು, ಮುಳುಗಿದ ಹದಿನಾರು ಹಡಗುಗಳನ್ನೂ ತೇಲಿಸಿದರು. ಮರುಕಳಿಸಬಾರದೆಂದು ಶತ್ರುವಿಗೆ ಕೆಲವು ಸೂಚನೆಗಳನ್ನೂ ಕೊಟ್ಟರು: ನಾವು ಬಾಂಬು ಹಾಕಲು ಅನುಕೂಲವಾಗುವಂತೆ ನಿಮ್ಮ ರಾಡಾರುಗಳನ್ನು ಚಾಲೂ ಇಟ್ಟಿರತಕ್ಕದ್ದು, ನಮ್ಮ ಸೈನಿಕರನ್ನು ಹೊತ್ತು ತರುವ ವಿಮಾನಗಳನ್ನು ಹೊಡೆದುರುಳಿಸತಕ್ಕದ್ದಲ್ಲ. ವ್ಯಾನ್ ರೈಪರ್ ಬೇಸತ್ತು ಪಾತ್ರವನ್ನು ಬಿಟ್ಟು ಎದ್ದುಹೋದರು, ಆಟವನ್ನು ಗೆಲ್ಲಬೇಕಾದವರೇ ಗೆದ್ದರು. ಶಕುನಿಗೆ ತನ್ನ ದಾಳಗಳ ಮೇಲೆ ನಂಬಿಕೆಯಾದರೂ ಇತ್ತು. ಇವರು ದಾಳ ಹಾಕಿದ ಮೇಲೆ ಚುಕ್ಕೆಗಳನ್ನು ಅಳಿಸಿ ಬರೆಯುವವರು.

ನಾವು ಈ ವಿಷಯದಲ್ಲಿ ಹಿಂದುಳಿದಿದ್ದೇವೆಂದು ಯಾರೂ ಕೊರಗಬೇಕಾಗಿಲ್ಲ. 2025ರ ಮೇ 8ರ ರಾತ್ರಿ ನಾನು ಕೃಷ್ಣೆಯ ಪಾತ್ರಕ್ಕೆ ಮೂರನೆಯ ಕೋಟ್ ವಾರ್ನಿಷ್ ಹಚ್ಚುತ್ತಿದ್ದಾಗ ಎದುರುಮನೆಯ ಯಜಮಾನರು ಬಾಗಿಲು ಬಡಿದರು. "ಕರಾಚಿ ಬಂದರು ಉಡೀಸ್! ನೀವಿನ್ನೂ ಗಿಡ ಅಂಟಿಸ್ತಾ ಕೂತಿದೀರಾ?" ಎಂದು ನನ್ನನ್ನು ಎಳೆದುಕೊಂಡೇ ಹೋಗಿ ಟಿವಿಯ ಮುಂದೆ ಕೂರಿಸಿದರು. ನಮ್ಮ ನೌಕಾಪಡೆ ಕರಾಚಿಯನ್ನು ಧ್ವಂಸ ಮಾಡಿತೆಂದು ಹಲವು ವಾಹಿನಿಗಳು ಆ ರಾತ್ರಿ ಸಾರಿದವು, ಕೆಲವು ಇನ್ನೂ ಮುಂದೆ ಸಾಗಿ ಇಸ್ಲಾಮಾಬಾದಿನವರೆಗೂ ಹೋಗಿಬಂದವು. ಪರದೆಯ ತುಂಬ ಕೆಂಪು ಬಾಣಗಳು, ಹೊಗೆಯುಗುಳುವ ಟ್ಯಾಂಕುಗಳು, ಕಿವಿ ಹರಿಯುವ ಸೈರನ್ನು. ಉತ್ತರನ ಪೌರುಷ ಒಲೆಯ ಮುಂದೆ ಎನ್ನುತ್ತಿದ್ದ ಕಾಲದಲ್ಲಿ ಒಲೆಗೆ ಒಂದೇ ಬಾಯಿ ಇತ್ತು, ಇಲ್ಲಿ ಒಂದು ಪರದೆಯಲ್ಲಿ ಎಂಟು ಕಿಟಕಿಗಳು. ನಾನು ಹವ್ಯಾಸಿಯ ದುರಭ್ಯಾಸದಿಂದ ಹಡಗುಗಳು ಎಲ್ಲಿಂದ ಹೊರಟು, ಗಂಟೆಗೆಷ್ಟು ಸಾಗಿ, ಎಷ್ಟು ಹೊತ್ತಿಗೆ ತಲುಪಿದವೆಂದು ಮನಸ್ಸಿನಲ್ಲೇ ಟೇಪು ಹಿಡಿಯುತ್ತಿದ್ದೆ. ಎರಡು ಜಾಹೀರಾತುಗಳ ನಡುವೆ ಅರಬ್ಬಿ ಸಮುದ್ರವನ್ನು ದಾಟುವುದು ನಮ್ಮ ನಿಯಮಗಳಲ್ಲಿ ಸಾಧ್ಯವಿಲ್ಲ, ಅದಕ್ಕೆ ಬೇರೆಯದೇ ನಿಯಮಪುಸ್ತಕ ಬೇಕು. ಬೆಳಗಾಗುವಾಗ ಕರಾಚಿ ಬಂದರು ಇದ್ದಲ್ಲೇ ಇತ್ತು. ಕೊನೆಗೆ ನಾಗರಿಕ ರಕ್ಷಣಾ ನಿರ್ದೇಶನಾಲಯವೇ, ವಾಯುದಾಳಿಯ ಸೈರನ್ ಸದ್ದನ್ನು ಕಾರ್ಯಕ್ರಮಗಳಲ್ಲಿ ಬಳಸಬೇಡಿ, ನಿಜವಾದ ಸೈರನ್ ಕೂಗಿದಾಗ ಜನ ಅದನ್ನೂ ಟಿವಿಯದ್ದೆಂದು ತಿಳಿದಾರು ಎಂದು ವಾಹಿನಿಗಳಿಗೆ ಬುದ್ಧಿ ಹೇಳಬೇಕಾಯಿತು.

ಕರಾಚಿಯ ಮೇಲೆ ನಿಜವಾಗಿ ದಾಳಿ ನಡೆದದ್ದು 1971ರ ಡಿಸೆಂಬರ್ 4ರ ರಾತ್ರಿ. ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಪುಟ್ಟ ಕ್ಷಿಪಣಿ ದೋಣಿಗಳು ಕತ್ತಲಲ್ಲಿ ಹೋಗಿ, ಖೈಬರ್ ಮತ್ತು ಮುಹಾಫಿಜ್ ಎಂಬ ಹಡಗುಗಳನ್ನು ಮುಳುಗಿಸಿ ಹಿಂದಿರುಗಿದವು. ಅವುಗಳ ಮುಂದೆ ಯಾರೂ ಮೈಕು ಹಿಡಿದು ಓಡುತ್ತಿರಲಿಲ್ಲ. ಬಹುಶಃ ಹಿಂದಿರುಗಲು ಸಾಧ್ಯವಾದದ್ದೂ ಅದಕ್ಕೇ.

ಗೊಂಬೆಯಾಟದ ಸಾಮಗ್ರಿಯನ್ನೇ ಯುದ್ಧವೆಂದು ಮಾರುವ ಈ ವ್ಯಾಪಾರ ಎಷ್ಟು ಬೆಳೆದಿದೆಯೆಂದರೆ, 'ಆರ್ಮಾ 3' ಎಂಬ ಕಂಪ್ಯೂಟರ್ ಆಟವನ್ನು ತಯಾರಿಸುವ ಚೆಕ್ ಗಣರಾಜ್ಯದ ಕಂಪನಿಯು 2022ರ ನವೆಂಬರಿನಲ್ಲಿ ತಾನೇ ಮುಂದೆ ಬಂದು, ತನ್ನ ಆಟದ ದೃಶ್ಯಗಳನ್ನು ನಿಜವಾದ ಯುದ್ಧವೆಂದು ಹಂಚಲಾಗುತ್ತಿದೆ ಎಂದು ಎಚ್ಚರಿಸಿತು. ದೃಶ್ಯವು ಮಸುಕಾಗಿದ್ದರೆ, ಕ್ಯಾಮೆರಾ ಅಲುಗಾಡುತ್ತಿದ್ದರೆ, ರಾತ್ರಿಯಾಗಿದ್ದರೆ, ಸದ್ದಿಲ್ಲದಿದ್ದರೆ, ಓಡಾಡುವ ಮನುಷ್ಯರು ಕಾಣದಿದ್ದರೆ ಅನುಮಾನಿಸಿರಿ ಎಂದು ಗುರುತುಗಳನ್ನೂ ಪಟ್ಟಿ ಮಾಡಿತು. ಗಡಿಯಾರ ಕಟ್ಟುವವನು ಬಂದು ಇದು ಆಟಿಕೆಯ ಗಡಿಯಾರ, ಇದನ್ನು ನೋಡಿ ರೈಲು ಹಿಡಿಯಬೇಡಿ ಎಂದು ಕೈಮುಗಿದು ಹೇಳಿದಂತಾಯಿತು. ನನ್ನ ರಾಮರಾಯನ ಆನೆಯನ್ನೂ ಯಾರಾದರೂ ಕತ್ತಲಲ್ಲಿ ಮೊಬೈಲು ಅಲ್ಲಾಡಿಸುತ್ತ ಚಿತ್ರೀಕರಿಸಿ ಗಡಿಯ ಸುದ್ದಿಯೆಂದು ತೋರಿಸಿಬಿಟ್ಟಾರೆಂದು ಅಂದಿನಿಂದ ರಾತ್ರಿ ಮೇಜಿಗೆ ಬೆಡ್‌ಶೀಟು ಹೊದಿಸುತ್ತಿದ್ದೇನೆ.

ಮೊನ್ನೆಯ ಭಾನುವಾರ ಯಜಮಾನರು ಮೊದಲ ಬಾರಿಗೆ ತಾವೇ ಆಡುತ್ತೇನೆಂದರು. ವಿಜಯನಗರವನ್ನೇ ತೆಗೆದುಕೊಂಡರು. ಎರಡು ಗಂಟೆ ಚೆನ್ನಾಗಿಯೇ ಆಡಿದರು, ಅಂಗುಲ ಅಂಗುಲ ಅಳೆದರು, ಮೊಣಕಾಲು ನೋವಿದ್ದರೂ ಬಗ್ಗಿ ಬಿಲ್ಲಾಳಿನ ಕಣ್ಣಿನಿಂದ ನೋಡಿದರು. ಕೊನೆಗೆ ರಾಮರಾಯನ ಆನೆ ಸುಲ್ತಾನರ ಫಿರಂಗಿಗಳ ಮುಂದೆ ನಿಂತು, ಆರು ಬಿದ್ದರೆ ಮಾತ್ರ ಉಳಿಯುವ ಸ್ಥಿತಿ ಬಂದಾಗ, ಒಳಗೆ ಅಮ್ಮ ಕಾಫಿಗೆ ಕರೆದಳೆಂದು ನಾನು ಲೋಟ ತರಲು ಎದ್ದುಹೋದೆ. ಹಿಂದಿರುಗಿದಾಗ ದಾಳ ಥರ್ಮಾಕೋಲ್ ಗುಡ್ಡದ ಬುಡದಲ್ಲಿ ನೆಟ್ಟಗೆ ಕೂತಿತ್ತು, ಅದರ ಸುತ್ತ ಚಹಾಪುಡಿಯ ತರಗೆಲೆಗಳು ಯಾರೋ ಬೆರಳಾಡಿಸಿದಂತೆ ಚದುರಿದ್ದವು.

"ಆರು ಬಿತ್ತು" ಎಂದರು ಯಜಮಾನರು, ಲೋಟಕ್ಕೆ ಕೈಚಾಚುತ್ತ. ಅವರ ತೋರುಬೆರಳಿನ ತುದಿಗೆ ಚಹಾಪುಡಿ ಅಂಟಿಕೊಂಡಿತ್ತು.